ನಾದಕ್ಕೊಂದು ಪಡಸಾಲೆ

ಹಳ್ಳಿಖೇಡ (ಬಿ)ಯಲ್ಲಿ ಈಚೆಗೆ ಕಟ್ಟಿಸಿದ ಯಾವುದೇ ಮನೆಯ ಪಡಸಾಲೆಗೆ ಹೋಗಿ, ಸಾಮಾನು ತುಂಬುವ ಮೊದಲು ಒಂದು ಚಪ್ಪಾಳೆ ತಟ್ಟಿ ನೋಡಿ. ತಗಡು ನಡುಗಿದ ಹಾಗೆ ‘ಝಣ್’ ಎಂದು ಸದ್ದು ಉಳಿಯುತ್ತದೆ. ತಲೆಯ ಮೇಲೆ ಆರ್‌ಸಿಸಿ ಸ್ಲ್ಯಾಬು, ಕಾಲಡಿಗೆ ಶಹಾಬಾದಿ ಫರ್ಸಿ ಇಲ್ಲವೇ ಟೈಲ್ಸು, ನಾಲ್ಕೂ ಕಡೆ ನುಣುಪು ಗಿಲಾವು. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುತ್ತಲೇ ಇರುತ್ತದೆ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿಯ ಸ್ಪೀಕರ್ ಇಟ್ಟರೂ ಮಲ್ಲಿಕಾರ್ಜುನ ಮನಸೂರರ ತಾನುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಈ ಸೀಮೆಯ ಕಿವಿ ಸಾಮಾನ್ಯದ್ದಲ್ಲ. ಪಕ್ಕದ ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ಸಂಗೀತದ ಸೇವೆ ನಡೆದುಬಂದಿದೆ. ಭಜನೆಯ ಡಗ್ಗಾ ಎಲ್ಲಿ ತಪ್ಪಿತೆಂದು ಹೇಳಬಲ್ಲ ಹಿರಿಯರು ಊರೂರಲ್ಲಿ ಇದ್ದಾರೆ. ಅಂಥ ಮನೆಗಳಿಗೆ ಹೈ-ಫೈ ಬಂದಾಗ ಹಣವೆಲ್ಲ ಡಬ್ಬಿಗಳಿಗೇ ಹೋಗಿ, ಕೋಣೆಗೆ ಬಿಡಿಗಾಸೂ ಉಳಿಯದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ನಾವು ಕೇಳುವ ನಾದದಲ್ಲಿ ಕೋಣೆಯ ಪಾಲು ಆಂಪ್ಲಿಫೈಯರಿನ ಪಾಲಿಗಿಂತ ಬಹಳ ದೊಡ್ಡದು.

ಇದನ್ನು ಮೊದಲು ಲೆಕ್ಕಕ್ಕೆ ತಂದವನು ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಉಪನ್ಯಾಸ ಭವನ ಮಾತೇ ತಿಳಿಯದಷ್ಟು ಗುಂಯ್‌ಗುಡುತ್ತಿತ್ತು. ಒಮ್ಮೆ ಎದ್ದ ಸದ್ದು ಅಡಗಲು ಐದೂವರೆ ಸೆಕೆಂಡು ಬೇಕಿತ್ತು. ಸೇಬಿನ್ ರಾತ್ರಿಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ದಿಂಬುಗಳನ್ನು ಹೊತ್ತು ತಂದು ಹರವಿ, ಆರ್ಗನ್ ಕೊಳವೆ ಊದಿಸಿ, ಸ್ಟಾಪ್‌ವಾಚ್ ಹಿಡಿದು ಅಳೆದ. ಅವನು ಕಂಡುಕೊಂಡ ಸೂತ್ರ ಈಗಲೂ ಚಾಲ್ತಿಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.16ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಅಡಗುವ ಕಾಲ ಸಿಗುತ್ತದೆ. ಹೀರಿಕೆಗೆ ಅವನ ಮಾನದಂಡ ತೆರೆದ ಕಿಟಕಿ. ಅದರಾಚೆ ಹೋದ ಸದ್ದು ಮರಳಿ ಬರುವುದಿಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಕೂಗು ಹಲವು ಸಲ ಮರಳುವುದೂ ಗಟ್ಟಿ ಗಾರೆಯ ಮೇಲ್ಮೈ ಸದ್ದನ್ನು ಹೀರದೆ ಹಿಂದಕ್ಕೆ ಕಳಿಸುವುದರಿಂದಲೇ.

ನಮ್ಮ ಪಡಸಾಲೆಗೆ ಈ ಲೆಕ್ಕ ಹಚ್ಚೋಣ. 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ ಎಂದರೆ ಸುಮಾರು 48 ಘನ ಮೀಟರ್. ಗೋಡೆ, ನೆಲ, ಸ್ಲ್ಯಾಬು ಸೇರಿ 80 ಚದರ ಮೀಟರ್. ಗಿಲಾವು ಮತ್ತು ಕಲ್ಲು ಹೀರುವುದು ನೂರಕ್ಕೆ ಮೂರರಷ್ಟು. ಅಂದರೆ ಇಡೀ ಕೋಣೆಯ ಹೀರಿಕೆ ಎರಡೂವರೆ ಚದರ ಮೀಟರ್ ಕಿಟಕಿಗೂ ಸಮವಲ್ಲ. ಸದ್ದು ಮೂರು ಸೆಕೆಂಡು ಉಳಿಯುತ್ತದೆ. ಮನೆಯಲ್ಲಿ ಸಂಗೀತ ಕೇಳಲು ಅರ್ಧ ಸೆಕೆಂಡು, ಅದಕ್ಕೂ ತುಸು ಕಡಿಮೆ ಇದ್ದರೆ ಚೆನ್ನ. ಅದಕ್ಕೆ 15 ಚದರ ಮೀಟರ್ ಹೀರಿಕೆ ಬೇಕು.

ಅದನ್ನು ಎಲ್ಲಿಂದ ತರುವುದು? ಅಟ್ಟದ ಮೇಲೆ ನೋಡಿ. ಅವ್ವ ಹೊಲಿದಿಟ್ಟ ಕೌದಿ, ಅರಳೆಯ ಗಾದಿ, ಕಂಬಳಿ. ಹಳೆ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಯೊಳಗೆ ಗಾಳಿ ನುಸುಳುತ್ತದೆ. ನುಸುಳುವಾಗ ಎಳೆಗಳಿಗೆ ಉಜ್ಜಿ ಸದ್ದಿನ ಶಕ್ತಿ ಶಾಖವಾಗುತ್ತದೆ. ಯಾವುದೇ ವಸ್ತುವನ್ನು ಬಾಯಿಗೆ ಹಿಡಿದು ಊದಿ; ಉಸಿರು ಕಷ್ಟಪಟ್ಟಾದರೂ ದಾಟಿದರೆ ಅದು ಕೆಲಸಕ್ಕೆ ಬರುತ್ತದೆ. ಥರ್ಮಾಕೋಲ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದು ಹಣ, ಶ್ರಮ ಎರಡೂ ದಂಡ. ಕೌದಿಯನ್ನು ಗೋಡೆಗೆ ಒತ್ತಿ ಹೊಡೆಯದೆ, ನಾಲ್ಕು ಬೆರಳು ಅಂತರ ಬಿಟ್ಟು ತೂಗುಹಾಕಿ; ಹಾಗೆ ಮಾಡಿದರೆ ಇನ್ನಷ್ಟು ಕೆಳಗಿನ ಸ್ವರಗಳಿಗೂ ಅದರ ಹೀರಿಕೆ ಮುಟ್ಟುತ್ತದೆ. ಎಲ್ಲಿ ತೂಗುಹಾಕಬೇಕು? ನೀವು ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ.

ಡಗ್ಗಾದ ‘ಘುಮ್’ ಮಾತ್ರ ಕೌದಿಗೆ ಬಗ್ಗುವುದಿಲ್ಲ. 50 ಹರ್ಟ್ಸಿನ ಅಲೆ ಏಳು ಮೀಟರ್ ಉದ್ದ. 12 ಅಡಿ ಅಗಲದ ಕೋಣೆ 47 ಹರ್ಟ್ಸಿನಲ್ಲಿ, 14 ಅಡಿಯ ಉದ್ದ 40ರಲ್ಲಿ ತಾನೇ ಅನುರಣಿಸುತ್ತದೆ. ಆ ಸ್ವರ ಗೋಡೆಯ ಬುಡದಲ್ಲಿ ಉಬ್ಬಿ ಕೇಳಿಸಿದರೆ, ಕೋಣೆಯ ನಟ್ಟನಡುವೆ ಕುರ್ಚಿ ಹಾಕಿದವರಿಗೆ ಕೇಳಿಸುವುದೇ ಇಲ್ಲ. ಉದ್ದ, ಅಗಲ ಒಂದೇ ಆಗಿರುವ ಚೌಕ ಕೋಣೆಯಲ್ಲಿ ಎರಡೂ ಒಂದೇ ಸ್ವರಕ್ಕೆ ಬಿದ್ದು ತೊಂದರೆ ಇಮ್ಮಡಿ. ಮನೆಯ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಒಂದು ಗೋಡೆಯನ್ನು ಎರಡಡಿ ಸರಿಸಿ ಎನ್ನುತ್ತೇನೆ.

ಇದೆಲ್ಲ ಅಂದಾಜಿನಲ್ಲೇ ಉಳಿಯಬೇಕಿಲ್ಲ. ‘ರೂಮ್ ಇಕ್ಯೂ ವಿಝರ್ಡ್’ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಲ್ಯಾಪ್‌ಟಾಪಿಗೆ ಯುಮಿಕ್-1ರಂಥ ಅಳತೆಯ ಮೈಕ್ ಜೋಡಿಸಿ, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿದರೆ ಸಾಕು. 20ರಿಂದ 20,000 ಹರ್ಟ್ಸ್‌ವರೆಗೆ ಸ್ಪೀಕರ್ ಒಮ್ಮೆ ಸುಯ್ಯೆಂದು ಏರುತ್ತದೆ. ಪರದೆಯ ಮೇಲೆ ಕೋಣೆಯ ದಿಬ್ಬ, ತಗ್ಗುಗಳೆಲ್ಲ ಗೆರೆಯಾಗಿ ಮೂಡುತ್ತವೆ. ಫ್ಯಾನ್ ನಿಲ್ಲಿಸಿ, ಟ್ರ್ಯಾಕ್ಟರಿನ ಓಡಾಟ ಇಲ್ಲದ ಹೊತ್ತು ನೋಡಿ ಅಳೆಯಿರಿ.

ದಿಬ್ಬಗಳನ್ನು ತಂತ್ರಾಂಶದಿಂದಲೇ ತಗ್ಗಿಸಬಹುದು. ತಗ್ಗನ್ನು ತುಂಬುವುದು ಅಸಾಧ್ಯ. 10 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು. ಅಷ್ಟು ಕೊಟ್ಟರೂ ಕೂರುವ ಜಾಗದಲ್ಲಿ ಹೋಗುವ ಅಲೆಯನ್ನು ಬರುವ ಅಲೆ ಅಳಿಸುತ್ತಲೇ ಇರುತ್ತದೆ. ಅಂಥಲ್ಲಿ ಕುರ್ಚಿಯನ್ನು ಎರಡಡಿ ಹಿಂದೆ ಸರಿಸಿ ಮತ್ತೊಮ್ಮೆ ಅಳೆಯಬೇಕು.