ಆಳಿದ ಮನಸ್ಸಿಗೂ ಆರೈಕೆ ಬೇಕು

ಮದುವೆಯಾಗಿ ಏಳೆಂಟು ವರ್ಷವಾದ ದಂಪತಿಗಳನ್ನು ಊಹಿಸಿಕೊಳ್ಳಿ. ಏಕಾಂತದಲ್ಲಿ ಒಬ್ಬರು ಆಜ್ಞೆ ಮಾಡುವುದು, ಇನ್ನೊಬ್ಬರು ಪಾಲಿಸುವುದು, ಮೆತ್ತನೆಯ ಬಟ್ಟೆಯಿಂದ ಕೈ ಕಟ್ಟುವುದು, ಹಗುರವಾಗಿ ಹೊಡೆಯುವುದು ಇಬ್ಬರಿಗೂ ಇಷ್ಟ. ಏನು ಬೇಕು, ಏನು ಬೇಡ ಎಂದು ಮೊದಲೇ ಮಾತಾಡಿಕೊಂಡಿದ್ದಾರೆ. ಮರುದಿನ ಬೆಳಿಗ್ಗೆ ಹೆಂಡತಿ ಗೆಲುವಾಗಿ ಕಾಫಿ ಸೋಸುತ್ತಿದ್ದಾಳೆ. ಗಂಡ ಮಾತ್ರ ಪತ್ರಿಕೆ ಹಿಡಿದು ಮಂಕಾಗಿ ಕುಳಿತಿದ್ದಾನೆ. ‘ಪ್ರೀತಿಸಿದವಳ ಮೇಲೆ ಕೈ ಎತ್ತಿದೆನಲ್ಲ, ನಾನೆಂಥ ಮನುಷ್ಯ?’ ಎಂಬ ಪ್ರಶ್ನೆ ಅವನನ್ನು ಕೊರೆಯುತ್ತಿದೆ.

ಇಂಥ ಆಟದಲ್ಲಿ ಒಪ್ಪಿಸಿಕೊಂಡವರಿಗೆ ಸಾಂತ್ವನ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಯಜಮಾನಿಕೆಯ ಪಾತ್ರ ವಹಿಸಿದವರ ಮನಸ್ಸೂ ಕುಸಿಯಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ. ಆ ಪಾತ್ರ ಗಂಡನದೇ ಆಗಬೇಕೆಂದೇನೂ ಇಲ್ಲ, ಹೆಂಡತಿಯದೂ ಇರಬಹುದು.

ಇದು ರೋಗವೇ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ, ವಯಸ್ಕರಿಬ್ಬರು ಮನಸಾರೆ ಒಪ್ಪಿ ನಡೆಸುವ ಇಂಥ ವರ್ತನೆಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಡಲಾಗಿದೆ. ಒಪ್ಪಿಗೆಯಿಲ್ಲದವರಿಗೆ ನೋವು ಕೊಡುವ ತೀವ್ರವಾದ, ನಿರಂತರವಾದ ಲೈಂಗಿಕ ಹಂಬಲ ಪಟ್ಟಿಯಲ್ಲಿ ಉಳಿದಿದೆ.

ಇದು ಹೊರದೇಶದಿಂದ ಬಂದ ಚಾಳಿಯೂ ಅಲ್ಲ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಪ್ರಣಯದ ಏಟುಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಅಲ್ಲಿಯೇ ಎಚ್ಚರಿಕೆಯೂ ಇದೆ. ಇಂದಿನ ಉತ್ತರ ಕರ್ನಾಟಕದ ಭಾಗಗಳು ಸೇರಿದ್ದ ಕುಂತಳ ದೇಶದ ಶಾತಕರ್ಣಿ ಶಾತವಾಹನನ ರಾಣಿ ಮಲಯವತಿ ಇಂಥದೇ ಒಂದು ಏಟಿನಿಂದ ಪ್ರಾಣ ಬಿಟ್ಟಳೆಂದು ಅವನು ಹೇಳುತ್ತಾನೆ. ಕೈ ಮಾಡುವವನಿಗೆ ಮಿತಿ ತಿಳಿದಿರಬೇಕು ಎಂಬುದು ಹಳೆಯ ಪಾಠ.

ಮನಸ್ಸು ಕುಸಿಯುವುದೇಕೆ?

ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬಸ್ಸು ಓಡಿಸಿದ ಚಾಲಕನನ್ನು ನೆನೆಸಿಕೊಳ್ಳಿ. ತಿರುವುಗಳಲ್ಲಿ ಅವನ ಕೈ ನಡುಗುವುದಿಲ್ಲ. ಊರು ತಲುಪಿ ಬಸ್ಸು ನಿಲ್ಲಿಸಿದ ಮೇಲೆಯೇ ಸುಸ್ತು ತಿಳಿಯುವುದು. ಯಜಮಾನಿಕೆಯ ಪಾತ್ರವೂ ಹಾಗೆಯೇ. ಸಂಗಾತಿಯ ಉಸಿರು, ಮುಖಭಾವ, ಕಟ್ಟಿದ ಕೈಯ ಬಣ್ಣ ಎಲ್ಲದರ ಮೇಲೂ ಕಣ್ಣಿಟ್ಟಿರಬೇಕು. ಆ ಹೊತ್ತಿನಲ್ಲಿ ಅಡ್ರಿನಲಿನ್‌ನಂಥ ರಸದೂತಗಳು ದೇಹವನ್ನು ಹುರಿಗೊಳಿಸಿರುತ್ತವೆ. ಉದ್ವೇಗ ಇಳಿದಾಗ ಆಯಾಸ, ಚಳಿ, ಖಿನ್ನತೆ, ಸಿಡುಕು, ಕಾರಣವಿಲ್ಲದ ಅಳು ಬರಬಹುದು. ಕೆಲವರಿಗೆ ಆಗಲೇ, ಕೆಲವರಿಗೆ ಒಂದೆರಡು ದಿನ ಕಳೆದು. ಬಲ್ಲವರು ಇದನ್ನು ‘ಟಾಪ್ ಡ್ರಾಪ್’ ಎನ್ನುತ್ತಾರೆ.

ಇದಕ್ಕೆ ಸಂಸ್ಕಾರದ ಭಾರವೂ ಸೇರುತ್ತದೆ. ‘ಹೊಡೆಯುವುದು ಪಾಪ’ ಎಂದು ಕಲಿತ ಮನಸ್ಸು ಆಟಕ್ಕೂ ಹಿಂಸೆಗೂ ಇರುವ ಅಂತರವನ್ನು ಕೂಡಲೇ ಒಪ್ಪಿಕೊಳ್ಳುವುದಿಲ್ಲ. ‘ಆಳಿದವನು ಅಳಬಾರದು’ ಎಂಬ ಬಿಗುಮಾನ ಬೇರೆ ಬಾಯಿ ಕಟ್ಟುತ್ತದೆ.

ಸಾಮಾನ್ಯ ಸಮಾಗಮದ ನಂತರವೂ ಬೇಸರ ಕವಿಯುವುದುಂಟು. ಆಸ್ಟ್ರೇಲಿಯದ ಸಂಶೋಧಕರು 1,208 ಗಂಡಸರನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಹಾಗಾಗಿದೆ ಎಂದವರು ಶೇ. 41. ಆದ್ದರಿಂದ ನೀವು ಒಂಟಿಯಲ್ಲ.

ಆರೈಕೆ ಹೇಗೆ?

* ಆಟ ಮುಗಿದ ಕೂಡಲೇ ಎದ್ದು ಹೋಗಬೇಡಿ. ಕಟ್ಟು ಬಿಚ್ಚಿ, ಗಾಯವಾಗಿದೆಯೇ ನೋಡಿ, ಇಬ್ಬರೂ ನೀರು ಕುಡಿಯಿರಿ, ಏನಾದರೂ ತಿನ್ನಿ, ಬೆಚ್ಚಗೆ ಹೊದ್ದುಕೊಳ್ಳಿ.

* ನಂತರ ನಿಮಗೆ ಏನು ಬೇಕೆಂಬುದನ್ನು ಮೊದಲೇ ತಿಳಿಸಿ. ಕೆಲವರಿಗೆ ಅಪ್ಪುಗೆ ಬೇಕು, ಕೆಲವರಿಗೆ ಅರ್ಧ ಗಂಟೆ ಮೌನ ಬೇಕು.

* ಒಪ್ಪಿಸಿಕೊಂಡವರು ಬಾಯಿಬಿಟ್ಟು ಹೇಳಲಿ. ‘ನನಗೆ ಹಿಡಿಸಿತು, ನೀವು ಜೋಪಾನವಾಗಿ ನೋಡಿಕೊಂಡಿರಿ’ ಎಂಬ ಮಾತಿಗಿಂತ ಒಳ್ಳೆಯ ಔಷಧಿಯಿಲ್ಲ. ಹಿಡಿಸದಿದ್ದರೆ ಅದನ್ನೂ ಮುಚ್ಚಿಡಬಾರದು.

* ಮರುದಿನ ಹಾಗೂ ಎರಡು ದಿನ ಬಿಟ್ಟು ಮತ್ತೊಮ್ಮೆ ಮಾತಾಡಿಕೊಳ್ಳಿ. ಚೆನ್ನಾಗಿ ನಿದ್ದೆ ಮಾಡಿ. ಬೇಸರ ಮರೆಯಲು ಮದ್ಯಕ್ಕೆ ಕೈ ಹಾಕಬೇಡಿ. ಆ ಮಂಕಿನಲ್ಲಿ ‘ನಾನು ನಿನಗೆ ತಕ್ಕವನಲ್ಲ’ ಎಂಬಂಥ ತೀರ್ಮಾನಕ್ಕೆ ಬರಬೇಡಿ.

* ಮನಸ್ಸು ಒಗ್ಗದಿದ್ದರೆ ಆಟ ನಿಲ್ಲಿಸಿ. ‘ಸಾಕು’ ಎನ್ನುವ ಹಕ್ಕು ಆಳುವವರಿಗೂ ಇದೆ.

ಸಮಾಧಾನ ಹೇಳಬಾರದ ಸಂದರ್ಭ

ಮೇಲಿನ ಮಾತೆಲ್ಲ ನಿಜವಾದ ಒಪ್ಪಿಗೆ ಇದ್ದಾಗ ಮಾತ್ರ ಸಲ್ಲುತ್ತದೆ. ಸಂಗಾತಿ ಬೇಡವೆಂದರೂ ನೀವು ನಿಲ್ಲಿಸಿರದಿದ್ದರೆ, ಅಥವಾ ಭಯದಿಂದ ಸುಮ್ಮನಿದ್ದುದನ್ನು ಒಪ್ಪಿಗೆ ಎಂದುಕೊಂಡಿದ್ದರೆ, ನಿಮ್ಮನ್ನು ಕಾಡುತ್ತಿರುವುದು ‘ಡ್ರಾಪ್’ ಅಲ್ಲ, ಮನಸ್ಸಾಕ್ಷಿ. ಅದನ್ನು ತಟ್ಟಿ ಮಲಗಿಸಬೇಡಿ. ತಪ್ಪನ್ನು ಒಪ್ಪಿಕೊಳ್ಳಿ, ನಿಲ್ಲಿಸಿ, ಸಂಗಾತಿಯಿಂದ ಸಾಂತ್ವನ ಬೇಡಬೇಡಿ. ನಿತ್ಯದ ಸಂಸಾರದಲ್ಲಿ ಹೆದರಿಸಿ ಆಳುವವರು ಏಕಾಂತದಲ್ಲಿ ಪಡೆದೆವೆನ್ನುವ ಒಪ್ಪಿಗೆಗೆ ಬೆಲೆಯಿಲ್ಲ. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರು 181ಕ್ಕೆ ಕರೆ ಮಾಡಬಹುದು.

ಕುತ್ತಿಗೆ ಅಮುಕುವುದಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಜೀವಕ್ಕೂ ಅಪಾಯ. ಇದನ್ನು ಸುರಕ್ಷಿತವಾಗಿ ಮಾಡುವ ವಿಧಾನವೆಂಬುದು ಇಲ್ಲ.

ವೈದ್ಯರನ್ನು ಕಾಣುವುದು ಯಾವಾಗ?

ಮಂಕು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಎರಡು ವಾರವಾದರೂ ಬೇಸರ ಹೋಗದಿದ್ದರೆ, ನಿದ್ದೆ, ಹಸಿವು ಕೆಟ್ಟರೆ ಮನೋವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕಾಣಿರಿ. ಬದುಕು ಬೇಡವೆನಿಸಿದರೆ ಎರಡು ವಾರ ಕಾಯದೆ ಆ ದಿನವೇ ನೆರವು ಪಡೆಯಿರಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಮುಂದೆ ಸಂಕೋಚ ಬೇಡ, ನಿಮ್ಮ ಗುಟ್ಟು ಕಾಯುವುದು ಅವರ ಕರ್ತವ್ಯ.

ಆ ಬೆಳಗಿನ ಗಂಡ ಪತ್ರಿಕೆ ಮಡಚಿಟ್ಟು, ‘ಯಾಕೋ ಮನಸ್ಸು ಸರಿಯಿಲ್ಲ’ ಎಂದು ಹೆಂಡತಿಗೆ ಹೇಳಿದರೆ ಅರ್ಧ ಭಾರ ಇಳಿದಂತೆಯೇ. ಉಳಿದರ್ಧವನ್ನು ಆಕೆ ಕಾಫಿಯ ಜೊತೆ ಪಕ್ಕದಲ್ಲಿ ಕುಳಿತು ಇಳಿಸಬಲ್ಲಳು.