ಕಾರಿನಲ್ಲಿ ಜಾಝ್: ಒಳ್ಳೆಯ ಧ್ವನಿಯನ್ನು ಆರಿಸಿಕೊಳ್ಳುವ ಬಗೆ

ವಾಹನದಲ್ಲಿ ಸಂಗೀತ ಬೇಕೇ ಬೇಡವೇ ಎಂಬ ಮಾತು ಇಂದು ಅನೇಕ ಮನೆಗಳಲ್ಲಿ ಹಿರಿಯರಿಗೂ ಕಿರಿಯರಿಗೂ ನಡುವೆ ಮುನಿಸಿಗೆ ಕಾರಣವಾಗಿದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿಕೊಂಡ ನಮಗೂ ಕಾರಿನ ಸ್ಟೀರಿಯೋಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ಒದಗಿಸಿದವನು ನಮ್ಮ ತಮ್ಮನ ಮಗ.

ತಮ್ಮನ ಕುಟುಂಬವು ಧಾರವಾಡದ ಕಡೆಯಿಂದ ಬಂದು ಯಲಹಂಕ ಉಪನಗರದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮಗನು ಬಾಲ್ಯದಲ್ಲಿ ಆರ್.ಟಿ. ನಗರದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ಗೆ ಹೋಗಿ ಕೆಲವು ಕಾಲ ಪಿಯಾನೋ ಕಲಿತನು. 1987ರಲ್ಲಿ ಆರಂಭವಾದ ಆ ಸಂಸ್ಥೆ ಪಾಶ್ಚಾತ್ಯ ಸಂಗೀತದ ಶಿಕ್ಷಣಕ್ಕೆ ಹೆಸರಾದುದು. ಓದು ಮುಗಿದು ನೌಕರಿ ಬಂದ ಮೇಲೆ ಪಿಯಾನೋ ನಿಂತುಹೋಯಿತು, ಜಾಝ್ ಸಂಗೀತದ ಮೇಲಿನ ಪ್ರೀತಿ ಮಾತ್ರ ಉಳಿಯಿತು. ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಹೊರವರ್ತುಲ ರಸ್ತೆಯ ಕಚೇರಿಗೆ ಹೋಗಲು ಒಂದೂಕಾಲು ಗಂಟೆ, ಬರಲು ಅಷ್ಟೇ ಹೊತ್ತು. ಅವನಿಗೆ ಸಂಗೀತ ಕೇಳಲು ಉಳಿದಿದ್ದ ಬಿಡುವು ಅದೊಂದೇ.

ಅವನು ಹೊಸ ಸ್ಟೀರಿಯೋ ಹಾಕಿಸಿದ ಎರಡು ವಾರಗಳಿಗೆ ಎಂಬತ್ತೆಂಟು ವರ್ಷದ ನಮ್ಮ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಹೆಬ್ಬಾಳದ ದಟ್ಟಣೆಯ ನಡುವೆ ಸುಟ್ಟ ವಾಸನೆ ಬಂದು ಹೊಗೆಯಾಡಿತು. ಕೂಡಲೇ ಕಾರು ನಿಲ್ಲಿಸಿ ತಾಯಿಯವರನ್ನು ಕೆಳಗಿಳಿಸಿದ್ದರಿಂದ ಅನಾಹುತ ತಪ್ಪಿತು. ತಮ್ಮನು ಅಂದೇ ಕಟ್ಟಪ್ಪಣೆ ಮಾಡಿದನು: “ಇನ್ನು ಈ ಕಾರಿನಲ್ಲಿ ಹಾಡು ಕೂಡದು.” ಮೂರು ತಿಂಗಳು ತಂದೆ ಮಕ್ಕಳ ನಡುವೆ ಮಾತು ಅಷ್ಟಕ್ಕಷ್ಟೇ ಆಯಿತು. ಕೊನೆಗೆ ಹುಡುಗನು ನಮ್ಮಲ್ಲಿಗೆ ಬಂದು, “ದೊಡ್ಡಪ್ಪ, ನಾನು ಕೇಳೋದು ಗದ್ದಲ ಅಲ್ಲ. ನೀವೇ ಒಂದು ಸಲ ಕೂತು ಕೇಳಿ, ಆಮೇಲೆ ಅಪ್ಪಾಜಿಗೆ ಹೇಳಿ” ಎಂದನು. ಆ ಮಾತಿನಲ್ಲಿ ನ್ಯಾಯವಿತ್ತು. ನಾವು ಕೇಳಲು ಕುಳಿತೆವು.

ಜಾಝ್ ಎಂದರೇನು?

ಜಾಝ್ ಅಮೆರಿಕದ ಕರಿಯ ಜನರು ತಮ್ಮ ಬವಣೆಯ ನಡುವೆ ಬೆಳೆಸಿದ ಸಂಗೀತ. ಅದರ ತವರು ನ್ಯೂ ಆರ್ಲಿಯನ್ಸ್ ಪಟ್ಟಣ. ಒಂದು ಧಾಟಿಯನ್ನು ಎತ್ತಿಕೊಂಡು ಪ್ರತಿಯೊಬ್ಬ ವಾದಕನೂ ಅದನ್ನು ಆ ಕ್ಷಣದಲ್ಲಿ ತನ್ನ ಮನೋಧರ್ಮದಂತೆ ವಿಸ್ತರಿಸುವುದು ಅದರ ಜೀವಾಳ. ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಎದುರಿಗೆ ಕುಳಿತು ಕೇಳಿದ ನಮ್ಮ ಪೀಳಿಗೆಯವರಿಗೆ ಇದು ತೀರ ಹೊರಗಿನ ಮಾತಲ್ಲ. ವ್ಯಾಕರಣ ಬೇರೆ, ಆದರೆ ಇದ್ದಲ್ಲೇ ಕಟ್ಟುವ ಸಾಹಸ ಒಂದೇ.

ನಮ್ಮ ನಾಡಿಗೂ ಜಾಝ್‌ಗೂ ನೇರವಾದ ನಂಟೂ ಇದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಾಗಸ್ವರವನ್ನು ಕಲಿತವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಆರ್.ಎ. ರಮಾಮಣಿ ಮತ್ತು ಟಿ.ಎ.ಎಸ್. ಮಣಿಯವರೊಡನೆ ಅವರು 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಅದನ್ನು ಕೇಳಿದಾಗ ನಮಗೆ ಸಂಕೋಚ ಹರಿಯಿತು.

ಕೇಳುತ್ತ ಹೋದಂತೆ ಒಂದು ಸಂಗತಿ ತಿಳಿಯಿತು. ಈ ಸಂಗೀತದ ಸೊಗಸು ಅಬ್ಬರದಲ್ಲಿಲ್ಲ. ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ ಪಿಯಾನೋ ಮತ್ತು ಡಬಲ್ ಬಾಸ್‌ಗಳ ಮೆಲುದನಿಯಿಂದ ಆರಂಭವಾಗುತ್ತದೆ. ಆಳೆತ್ತರದ ಆ ತಂತಿವಾದ್ಯದ ಅತಿ ಮಂದ್ರ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಡ್ರಮ್ಮಿನ ಕಂಚಿನ ತಟ್ಟೆಯ ಝೇಂಕಾರವು 10,000 ಕಂಪನಗಳನ್ನೂ ಮೀರುತ್ತದೆ. ಈ ಎರಡೂ ತುದಿಗಳು ಒಂದನ್ನೊಂದು ಮುಚ್ಚದೆ ಕೇಳಿಬರಬೇಕು. ‘ಢಂ’ ಎನ್ನುವ ಸ್ಟೀರಿಯೋದಲ್ಲಿ ಇದು ಸಾಧ್ಯವಿಲ್ಲ.

ಆಯ್ಕೆಯ ಕ್ರಮ

ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಮಿತ್ರರೊಬ್ಬರು ಈ ವಿಷಯದಲ್ಲಿ ನಮಗೆ ಗುರುಗಳಾದರು. ಅವರು ಹೇಳಿದ ಮೊದಲ ಮಾತು, ಪೆಟ್ಟಿಗೆಯ ಮೇಲಿನ ವ್ಯಾಟ್ ಅಂಕಿಗೆ ಮರುಳಾಗಬಾರದೆಂಬುದು. ‘50 ವ್ಯಾಟ್ × 4’ ಎಂದು ಅಚ್ಚಾಗಿರುವ ಸಾಮಾನ್ಯ ಸ್ಟೀರಿಯೋ ಎಡೆಬಿಡದೆ ಕೊಡುವುದು ಪ್ರತಿ ಸ್ಪೀಕರಿಗೆ ಸುಮಾರು 15ರಿಂದ 20 ವ್ಯಾಟ್ ಮಾತ್ರ. ಕಾರಿನ ವಿದ್ಯುತ್ತು 14 ವೋಲ್ಟಿನ ಆಸುಪಾಸಿನದಾದ್ದರಿಂದ ಅದಕ್ಕೆ ಇದೇ ಮಿತಿ. ‘ಆರ್‌ಎಂಎಸ್’ ಎಂದು ಬರೆದ ಅಂಕಿಯನ್ನೇ ನೋಡತಕ್ಕದ್ದು.

ಎರಡನೆಯದಾಗಿ, ಹಣದ ಹೆಚ್ಚಿನ ಪಾಲು ಹೊಳೆಯುವ ಪರದೆಗಲ್ಲ, ಮುಂಬಾಗಿಲಿನ ಸ್ಪೀಕರುಗಳಿಗೆ ಹೋಗಬೇಕು. ವೂಫರ್ ಬಾಗಿಲಿನಲ್ಲಿ, ಟ್ವೀಟರ್ ಪ್ರತ್ಯೇಕವಾಗಿ ಕಿವಿಯ ಮಟ್ಟಕ್ಕೆ ಹತ್ತಿರದಲ್ಲಿ ಕೂಡುವ ‘ಕಾಂಪೊನೆಂಟ್’ ಜೋಡಿಯು ಜಾಝ್‌ಗೆ ಮೇಲು. ಅಲ್ಪಶಕ್ತಿಯಲ್ಲೇ ಚೆನ್ನಾಗಿ ನುಡಿಯುವ, ಅಂದರೆ ಒಂದು ವ್ಯಾಟಿಗೆ 90 ಡೆಸಿಬಲ್ ಅಥವಾ ಅದರ ಸಮೀಪದ ಸ್ಪೀಕರನ್ನು ಆರಿಸಬೇಕು. ಅನುಕೂಲವಿದ್ದರೆ ಸಣ್ಣದೊಂದು ಆಂಪ್ಲಿಫೈಯರ್, ಮುಚ್ಚಿದ ಪೆಟ್ಟಿಗೆಯಲ್ಲಿರುವ 8 ಇಲ್ಲವೆ 10 ಅಂಗುಲದ ಸಬ್‌ವೂಫರ್ ಸೇರಿಸಬಹುದು. ಡಿಕ್ಕಿಯನ್ನು ತುಂಬುವ ಜೋಡಿ ಪೆಟ್ಟಿಗೆಗಳು ಬೇಡ.

ಈಗಿನ ಹಲವು ಕಾರುಗಳಲ್ಲಿ ಎ.ಸಿ., ಹಿಂಬದಿ ಕ್ಯಾಮೆರಾ ಎಲ್ಲವೂ ಕಂಪನಿಯ ಪರದೆಯಲ್ಲೇ ಸೇರಿಕೊಂಡಿರುತ್ತವೆ. ಅಂಥ ಪರದೆಯನ್ನು ಕೀಳಬಾರದು. ಅದರಿಂದ ಹೊರಬರುವ ಧ್ವನಿಯನ್ನೇ ಹಿಡಿದು ತಿದ್ದುವ ಆಂಪ್ಲಿಫೈಯರುಗಳು ದೊರೆಯುತ್ತವೆ. ಅಂಗಡಿಗೆ ಹೋಗುವಾಗ ತಾವು ನಿತ್ಯ ಕೇಳುವ ಎರಡು ಮೂರು ಮುದ್ರಿಕೆಗಳನ್ನು ಪೆನ್ ಡ್ರೈವಿನಲ್ಲಿ ಒಯ್ದು, ಮೆಲುದನಿಯಲ್ಲಿ ಕೇಳಿಸಿರೆಂದು ಕೇಳಬೇಕು. ನಾವು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಾಗೆಯೇ ಮಾಡಿದೆವು. ಮೆಲುದನಿಯಲ್ಲಿ ಮಾತು ಬಿಡಿಬಿಡಿಯಾಗಿ ಕೇಳಿಸದ ಸ್ಪೀಕರನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಜೋಡಣೆ: ಪ್ರಾಣದ ಪ್ರಶ್ನೆ

ಹಳೆಯ ಜೋಡಣೆಯನ್ನು ಬಿಚ್ಚಿದಾಗ ಹೊಗೆಯ ಕಾರಣ ಕಣ್ಣಿಗೆ ಬಿತ್ತು. ಬ್ಯಾಟರಿಯಿಂದ ಬಂದ ತಂತಿಯನ್ನು ಎಂಜಿನ್ನಿನ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಬಳೆಯಿಲ್ಲದೆ ತೂರಿಸಿದ್ದರು. ತಗಡಿನ ಅಂಚು ಅದರ ಹೊದಿಕೆಯನ್ನು ಕೊಯ್ದಿತ್ತು. ಬ್ಯಾಟರಿಯ ಬಳಿ ಫ್ಯೂಸೇ ಇರಲಿಲ್ಲ. ತಾಮ್ರದ ತಂತಿಯೆಂದು ಮಾರಿದ್ದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಮಿತ್ರರು ಆ ತಂತಿಯನ್ನು ತಮ್ಮನ ಅಂಗೈಯಲ್ಲಿಟ್ಟು, “ನೋಡಿ ಯಜಮಾನರೇ, ತಪ್ಪು ಹಾಡಿನದಲ್ಲ, ಈ ಕೆಲಸದ್ದು” ಎಂದರು. ತಮ್ಮನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದನು.

ಆದುದರಿಂದ ಜೋಡಿಸುವವನ ಎದುರಿಗೆ ನಿಂತು ಈ ಸಂಗತಿಗಳನ್ನು ಕಣ್ಣಾರೆ ನೋಡಿಕೊಳ್ಳಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿರಬೇಕು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ತಂತಿಯ ತಾಳಿಕೆಗೆ ತಕ್ಕ ಫ್ಯೂಸ್ ಇರಬೇಕು. ತಂತಿ ಅಪ್ಪಟ ತಾಮ್ರದ್ದಾಗಿರಬೇಕು. ಕಂಪನಿಯ ತಂತಿಗಳನ್ನು ಕತ್ತರಿಸದೆ ಕಪ್ಲರಿನಿಂದಲೇ ಜೋಡಿಸಬೇಕು. ಕತ್ತರಿಸಿದರೆ ವಾರಂಟಿಗೆ ತೊಡಕು. ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಏರ್‌ಬ್ಯಾಗಿನ ತಂತಿಗಳನ್ನು ಮುಟ್ಟಲಾಗದು. ಅರ್ಥಿಂಗ್ ತಂತಿಯನ್ನು ಬಣ್ಣ ಕೆರೆದ ತಗಡಿಗೆ ಬಿಗಿಯಬೇಕು. ಧ್ವನಿಯ ತಂತಿಯನ್ನು ವಿದ್ಯುತ್ತಿನ ತಂತಿಯಿಂದ ದೂರ ಎಳೆಯಬೇಕು. ಇಲ್ಲವಾದರೆ ಎಂಜಿನ್ನಿನ ವೇಗದೊಡನೆ ಏರಿಳಿಯುವ ಸಿಳ್ಳು ಹಾಡಿನಲ್ಲಿ ಬೆರೆಯುತ್ತದೆ.

ಬಾಗಿಲಿನ ಒಳತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ ದೊಡ್ಡ ತೂತುಗಳನ್ನು ಮುಚ್ಚಿಸುವುದು ಸಣ್ಣ ಖರ್ಚಿನ ದೊಡ್ಡ ಲಾಭ. ಸ್ಪೀಕರಿನ ಹಿಂದಿನ ಅಲೆ ಮುಂದಿನ ಅಲೆಯೊಡನೆ ಕೂಡಿದರೆ ಮಂದ್ರಧ್ವನಿ ಅಳಿದುಹೋಗುತ್ತದೆ. ಶೀಟು ಅದನ್ನು ತಡೆದು, ತಗಡಿನ ಗದಗುಡುವಿಕೆಯನ್ನೂ ಅಡಗಿಸುತ್ತದೆ.

ಕೊನೆಯದು ಹದಗೊಳಿಸುವಿಕೆ. ಬಾಗಿಲಿನ ಸ್ಪೀಕರುಗಳಿಗೆ 80 ಕಂಪನಕ್ಕಿಂತ ಕೆಳಗಿನ ಭಾರವನ್ನು ಹೊರಿಸದೆ ಅದನ್ನು ಸಬ್‌ವೂಫರಿಗೆ ಬಿಡಬೇಕು. ಚಾಲಕನು ಬಲಗಡೆ ಕೂರುವುದರಿಂದ ಬಲಬಾಗಿಲಿನ ಧ್ವನಿ ಅವನಿಗೆ ಮೊದಲು ಮುಟ್ಟುತ್ತದೆ. ಧ್ವನಿಯು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು 34 ಸೆಂ.ಮೀ. ಕ್ರಮಿಸುತ್ತದೆ. ಎಡ ಸ್ಪೀಕರ್ 70 ಸೆಂ.ಮೀ. ಹೆಚ್ಚು ದೂರವಿದ್ದರೆ ಬಲದ ಧ್ವನಿಯನ್ನು ಅಂಥ ಎರಡು ಭಾಗಗಳಷ್ಟು ತಡಮಾಡಿಸಬೇಕು. ಆಗ ವಾದ್ಯಗಾರರು ಬಾಗಿಲು ಬಿಟ್ಟು ಎದುರಿಗೆ ಬಂದು ಕುಳಿತಂತಾಗುತ್ತದೆ.

ಕೇಳುವ ಮಿತಿ

ವಾರಕ್ಕೆ 80 ಡೆಸಿಬಲ್‌ನಂತೆ 40 ಗಂಟೆ ಕೇಳುವುದು ದೊಡ್ಡವರಿಗೆ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧ್ವನಿ 3 ಡೆಸಿಬಲ್ ಏರಿದಾಗಲೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 86 ಡೆಸಿಬಲ್‌ಗೆ ಉಳಿಯುವುದು 10 ಗಂಟೆ. ನಮ್ಮ ಹುಡುಗನ ಓಡಾಟವೇ ವಾರಕ್ಕೆ ಹನ್ನೆರಡೂವರೆ ಗಂಟೆ! ಲೆಕ್ಕ ತೋರಿಸಿದ ಮೇಲೆ ಅವನು ತಾನಾಗಿಯೇ ಧ್ವನಿ ತಗ್ಗಿಸಿದನು. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಗಾಜು ಏರಿಸಿದ್ದರೂ ಕೇಳಿಸುವಷ್ಟೇ ಹಾಡು ಇರಬೇಕು. ಅದಕ್ಕೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯಂತೆ 10,000 ರೂಪಾಯಿ ದಂಡವುಂಟು; ಆದರೆ ದಂಡಕ್ಕಿಂತ ಒಳಗೆ ಮಲಗಿರುವ ಜೀವ ದೊಡ್ಡದು. ಹಾಡು ಬದಲಿಸುವ ಕೆಲಸ ಕಾರು ಹೊರಡುವ ಮೊದಲೇ ಮುಗಿದಿರಲಿ.

ಹೊಸ ಜೋಡಣೆಯಾದ ಭಾನುವಾರ ತಾಯಿಯವರನ್ನೂ ಕೂರಿಸಿಕೊಂಡು ಯಶವಂತಪುರದ ಬಂಧುಗಳ ಮನೆಗೆ ಹೊರಟೆವು. ಹುಡುಗನು ಮೊದಲು ಮನಸೂರರ ಗಾಯನವನ್ನು ಹಾಕಿದನು. ಮುಂದೆ ಕುಳಿತಿದ್ದ ತಮ್ಮನು, “ತಂಬೂರಿ ಇಷ್ಟು ನಿಚ್ಚಳ ಕೇಳಿಸುತ್ತೆ!” ಎಂದು ಮಗನ ಕಡೆ ತಿರುಗಿದನು. ಆ ಬಳಿಕ ಸ್ಯಾಕ್ಸೊಫೋನ್ ಬಂತು. ಯಾರೂ ಮಾತಾಡಲಿಲ್ಲ. ಹೆಬ್ಬಾಳ ದಾಟಿದ ಮೇಲೆ ಹಿಂದಿನಿಂದ ತಾಯಿಯವರು, “ಯಾರೋ ತಮ್ಮಾ ಇದನ್ನ ಊದಾಕಹತ್ತಿದಾಂವ? ನಮ್ಮೂರ ಶಹನಾಯಿ ಕೇಳಿದಂಗ ಆಗತೈತಿ. ಇರಲಿ ಬಿಡು, ತಗೀಬ್ಯಾಡ” ಎಂದರು.

ತಮ್ಮನು ತನ್ನ ಕಟ್ಟಪ್ಪಣೆಯನ್ನು ಬಾಯಿಬಿಟ್ಟು ಹಿಂತೆಗೆದುಕೊಳ್ಳಲಿಲ್ಲ. ಈಗ ಸೋಮವಾರ ಬೆಳಿಗ್ಗೆ ಮಗನ ಜೊತೆ ಹೆಬ್ಬಾಳದವರೆಗೆ ಕಾರಿನಲ್ಲಿ ಹೋಗಿ ಬಸ್ಸಿನಲ್ಲಿ ಹಿಂದಿರುಗುವ ರೂಢಿಯನ್ನು ಮಾಡಿಕೊಂಡಿದ್ದಾನೆ. ಮಕ್ಕಳು ಕೇಳುವ ಹಾಡನ್ನು ಗದ್ದಲವೆನ್ನುವ ಮೊದಲು ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಕೇಳಿರೆಂದು ಹಿರಿಯರಲ್ಲಿಯೂ, ತಂತಿ ಮತ್ತು ಫ್ಯೂಸುಗಳ ವಿಷಯದಲ್ಲಿ ಅಗ್ಗಕ್ಕೆ ಆಸೆಪಡಬೇಡಿರೆಂದು ಕಿರಿಯರಲ್ಲಿಯೂ ನಮ್ಮ ಅರಿಕೆ.