ಕೆಂಪು ಕಣ್ಣಿನ ಜತೆ ಕಿವಿಯೂ ಕೆಟ್ಟರೆ

ಕಣ್ಣು, ಕಿವಿ ಮತ್ತು ದೇಹದ ಸಮತೋಲನ, ಮೂರನ್ನೂ ಒಟ್ಟಿಗೆ ಕಾಡುವ ಅಪರೂಪದ ಕಾಯಿಲೆ ಕೋಗನ್ ಸಿಂಡ್ರೋಮ್. ಕಣ್ಣು ಸಾಮಾನ್ಯವಾಗಿ ಗುಣವಾಗುತ್ತದೆ. ಕಿವಿಗೆ ಮಾತ್ರ ಕಾಯುವಷ್ಟು ಸಮಯವಿಲ್ಲ.

ಕಣ್ಣು ಕೆಂಪಾದರೆ ಯಾರೂ ಸುಮ್ಮನಿರುವುದಿಲ್ಲ. ನೋವು, ಸುರಿಯುವ ನೀರು, ಬೆಳಕು ಕಂಡರೆ ಚುಚ್ಚಿದ ಹಾಗಾಗುವ ಹಿಂಸೆ. ಎದುರಿಗಿರುವವರ ಕಣ್ಣಿಗೂ ಬೀಳುವ ಕಾಯಿಲೆ ಅದು. ‘ಮದ್ರಾಸ್ ಐ ಇರಬೇಕು, ಹತ್ತಿರ ಬರಬೇಡ’ ಎನ್ನುತ್ತಲೇ ಮನೆಯವರು ಆಸ್ಪತ್ರೆಗೆ ಅಟ್ಟುತ್ತಾರೆ. ಕಿವಿಯ ವಿಷಯ ಹಾಗಲ್ಲ. ಒಂದು ಕಿವಿ ಮಂದವಾದರೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಳ್ಳುತ್ತೇವೆ. ನೆಗಡಿಗೆ ಕಿವಿ ಕಟ್ಟಿದೆ, ಗುಗ್ಗೆ ತುಂಬಿದೆ ಎಂದುಕೊಂಡು ಎರಡು ಹನಿ ಎಣ್ಣೆ ಬಿಡುತ್ತೇವೆ. ತಲೆ ಸುತ್ತಿ ವಾಂತಿಯಾದರೆ ಪಿತ್ತ, ಬಿಸಿಲು, ಬಿ.ಪಿ., ನಿದ್ದೆಗೇಡು... ಕಾರಣಗಳಿಗೆ ನಮ್ಮಲ್ಲಿ ಬರವಿಲ್ಲ.

ಈ ಮೂರೂ ತೊಂದರೆ ಒಬ್ಬರಿಗೇ ಕೆಲವು ವಾರಗಳ ಅಥವಾ ತಿಂಗಳುಗಳ ಅಂತರದಲ್ಲಿ ಬಂದವು ಎನ್ನಿ. ಕಣ್ಣಿನ ಡಾಕ್ಟರು ಹನಿ ಬರೆದುಕೊಡುತ್ತಾರೆ. ತಲೆಸುತ್ತಿಗೆ ಮನೆ ಹತ್ತಿರದ ಡಾಕ್ಟರು ಮಾತ್ರೆ ಕೊಡುತ್ತಾರೆ. ಕಿವಿಯ ತಜ್ಞರ ಸರದಿ ಬರುವುದು ಕೊನೆಗೆ, ಆಚೆಯವರ ಮಾತು ಅರ್ಥವಾಗುವುದು ನಿಂತ ಮೇಲೆ. ಮೂರು ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವವರಿಲ್ಲದಿದ್ದರೆ ಕೋಗನ್ ಸಿಂಡ್ರೋಮ್ ಪತ್ತೆಯಾಗುವುದಿಲ್ಲ. ಇದರ ಚಿಕಿತ್ಸೆಯಲ್ಲಿ ಔಷಧದಷ್ಟೇ ಮುಖ್ಯವಾದದ್ದು ಆ ಮೇಜು.

ಕಳಂಕದಿಂದ ಬಿಡಿಸಿದ ವೈದ್ಯ

ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್, ಹುಟ್ಟಿನಿಂದಲೇ ಸಿಫಿಲಿಸ್ ತಗುಲಿದ ಮಕ್ಕಳಲ್ಲಿ ಮೂರು ಗುರುತುಗಳನ್ನು ಪಟ್ಟಿ ಮಾಡಿದ: ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ನಡುಪದರದ ಉರಿಯೂತ, ಅಂಚು ಕಚ್ಚಿಹೋದಂತಿರುವ ಮುಂಬಲ್ಲು ಮತ್ತು ಕಿವುಡು. ಅಲ್ಲಿಂದ ಮುಂದೆ, ಕಣ್ಣು ಕೆಂಪಾಗಿ ಕಿವಿಯೂ ಕೇಳದ ಯುವಕ–ಯುವತಿಯರು ಬಂದರೆ ವೈದ್ಯರ ಮನಸ್ಸು ಮೊದಲು ಹೋಗುತ್ತಿದ್ದುದು ಗುಹ್ಯರೋಗದ ಕಡೆಗೆ. ರೋಗಿಗೆ ಕಾಯಿಲೆಯ ಜತೆ ಅಪಮಾನವೂ ಅಂಟುತ್ತಿತ್ತು.

1934ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಸಿಫಿಲಿಸ್ ಇಲ್ಲದೆಯೂ ಹೀಗಾದ ಒಬ್ಬ ರೋಗಿಯ ಬಗ್ಗೆ ಬರೆದರು. 1945ರಲ್ಲಿ ಬಾಸ್ಟನ್ನಿನ ನೇತ್ರತಜ್ಞ ಡೇವಿಡ್ ಕೋಗನ್, ಬೆರಳೆಣಿಕೆಯ ರೋಗಿಗಳನ್ನು ಮುಂದಿಟ್ಟುಕೊಂಡು, ಇದು ಬೇರೆಯದೇ ಕಾಯಿಲೆ ಎಂದು ಸಾಧಿಸಿದರು. ಅವರ ಪ್ರಬಂಧದ ಶೀರ್ಷಿಕೆಯಲ್ಲೇ ‘ಸಿಫಿಲಿಸ್‌ನದಲ್ಲದ’ ಎಂಬ ಮಾತಿದೆ. ಆದರೆ ಕಾಯಿಲೆಯನ್ನು ಗುರುತಿಸಿದ ಕೋಗನ್ ಅವರ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಕೀಲುವಾತದ ರೋಗಿಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟದ್ದು 1948ರಲ್ಲಿ. ಆ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಂತು. ಕೋಗನ್ ರೋಗಿಗಳಿಗೆ ಇಂದಿಗೂ ಮೊದಲು ಕೊಡುವುದು ಅದೇ ವಂಶದ ಔಷಧವನ್ನೇ, ಅಂದರೆ ಸ್ಟಿರಾಯ್ಡ್.

ಸಿಫಿಲಿಸ್‌ನ ಪ್ರಶ್ನೆ ಇಂದಿಗೂ ತಪ್ಪಿಲ್ಲ. ಕೋಗನ್ ಅನುಮಾನ ಬಂದ ಕೂಡಲೇ ವಿ.ಡಿ.ಆರ್.ಎಲ್. ರಕ್ತಪರೀಕ್ಷೆಗೆ ಬರೆಯುತ್ತಾರೆ. ಅದನ್ನು ನೋಡಿ ರೋಗಿಯಾಗಲಿ ಮನೆಯವರಾಗಲಿ ಮುಖ ಸಣ್ಣದು ಮಾಡಿಕೊಳ್ಳಬೇಕಿಲ್ಲ. ಅದು ನಡತೆಯ ಮೇಲಿನ ಸಂಶಯವಲ್ಲ. ಸಿಫಿಲಿಸ್ ಆಗಿದ್ದರೆ ಪೆನಿಸಿಲಿನ್‌ನಿಂದ ವಾಸಿಯಾಗುವ ಕಾಯಿಲೆ, ಅದನ್ನು ಕೈಬಿಡಬಾರದು ಎಂಬ ಎಚ್ಚರ. ನಮ್ಮ ಕಡೆ ಕ್ಷಯವನ್ನೂ ತಳ್ಳಿಹಾಕಲೇಬೇಕು. ಅದೂ ಕಾರ್ನಿಯಾವನ್ನು ಕೆಡಿಸಬಲ್ಲದು. ಮೇಲಾಗಿ, ದೇಹದಲ್ಲಿ ಸದ್ದಿಲ್ಲದೆ ಮಲಗಿರುವ ಕ್ಷಯವನ್ನು ಮುಂದೆ ಕೊಡಲಿರುವ ಔಷಧಗಳು ಎಬ್ಬಿಸಿಬಿಡಬಲ್ಲವು.

ದೇಹದೊಳಗೆ ಆಗುವುದೇನು?

ಕೋಗನ್ ಒಂದು ಆಟೋಇಮ್ಯೂನ್ ಕಾಯಿಲೆ ಎಂದು ವೈದ್ಯವಿಜ್ಞಾನ ನಂಬುತ್ತದೆ. ರೋಗಾಣುಗಳನ್ನು ಎದುರಿಸಬೇಕಾದ ನಿರೋಧಕ ವ್ಯವಸ್ಥೆ ದೇಹದ ಸ್ವಂತ ಅಂಗಾಂಶದ ಮೇಲೆಯೇ ತಿರುಗಿ ಬೀಳುತ್ತದೆ. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಟಲಿಯ ಸಂಶೋಧಕರು, ಒಳಗಿವಿಯ ಮತ್ತು ರಕ್ತನಾಳಗಳ ಒಳಪದರದ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳನ್ನು ಕೋಗನ್ ರೋಗಿಗಳಲ್ಲಿ ಕಂಡದ್ದಾಗಿ ವರದಿ ಮಾಡಿದರು. ಆದರೂ ‘ಇದು ಕೋಗನ್’ ಎಂದು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಲಕ್ಷಣಗಳನ್ನು ಕೂಡಿಸಿ, ಉಳಿದ ಕಾರಣಗಳನ್ನು ಒಂದೊಂದಾಗಿ ಕಳೆದು ತೀರ್ಮಾನಕ್ಕೆ ಬರಬೇಕು.

ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಒಳಗಿನವರಿಗೆ ಬರುವ ಈ ಕಾಯಿಲೆಗೆ ಗಂಡು–ಹೆಣ್ಣೆಂಬ ಭೇದವಿಲ್ಲ. ಅಂಟುವುದೂ ಇಲ್ಲ. ಎಷ್ಟು ಅಪರೂಪವೆಂದರೆ, ಜಗತ್ತಿನ ಮೂಲೆಮೂಲೆಯಿಂದ ರೋಗಿಗಳು ಬರುವ ಮೇಯೊ ಕ್ಲಿನಿಕ್ ಅರ್ಧ ಶತಮಾನದ ತನ್ನ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ ಇದ್ದವರು 60 ಮಂದಿ. ಅವರಲ್ಲಿ ಅರ್ಧದಷ್ಟು ಜನ ಕೊನೆಗೆ ತೀವ್ರ ಕಿವುಡಿಗೆ ತುತ್ತಾಗಿದ್ದರು.

ಕಣ್ಣು: ಬೇಗ ಒಲಿಯುವ ಅಂಗ

ಮೂರರಲ್ಲಿ ಸುಲಭವಾಗಿ ಮಾತು ಕೇಳುವುದು ಕಣ್ಣು. ಉರಿಯೂತ ಇರುವುದು ಕಾರ್ನಿಯಾದಲ್ಲಿ, ಹನಿ ಬಿಟ್ಟರೆ ಔಷಧ ನೇರವಾಗಿ ತಲುಪುವ ಜಾಗದಲ್ಲಿ. ಸ್ಟಿರಾಯ್ಡ್ ಹನಿಗಳಿಂದ ನೋವು, ಕೆಂಪು ಇಳಿಯುತ್ತವೆ. ಬಹಳಷ್ಟು ಜನರಿಗೆ ದೃಷ್ಟಿ ಉಳಿಯುತ್ತದೆ. ಕೆಲವರಲ್ಲಿ ಕಾರ್ನಿಯಾ ಬಿಟ್ಟು ಕಣ್ಣಿನ ಬಿಳಿಭಾಗ, ನಡುಪದರ ಅಥವಾ ರೆಟಿನಾದ ರಕ್ತನಾಳಗಳು ಬಾಧೆಗೆ ಒಳಗಾಗುತ್ತವೆ. ಅಂಥವರಿಗೆ ಹನಿ ಸಾಲದು, ಮಾತ್ರೆಯೂ ಬೇಕು.

ಇಲ್ಲಿ ಎರಡು ಅಪಾಯಗಳಿವೆ. ಒಂದು, ಮೆಡಿಕಲ್ ಸ್ಟೋರಿನಲ್ಲಿ ತಾವೇ ಹನಿ ಕೊಂಡು ತಿಂಗಳುಗಟ್ಟಲೆ ಬಿಟ್ಟುಕೊಳ್ಳುವುದು. ಸ್ಟಿರಾಯ್ಡ್ ಹನಿಯಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು. ಎರಡನೆಯದು ಇದಕ್ಕಿಂತ ಮೋಸದ್ದು: ಕಣ್ಣು ತಿಳಿಯಾಯಿತು, ಕಾಯಿಲೆ ಹೋಯಿತು ಎಂಬ ಸಮಾಧಾನ. ಕಣ್ಣಿಗೆ ಬಿಟ್ಟ ಹನಿ ಒಳಗಿವಿಯನ್ನು ತಲುಪುವುದಿಲ್ಲ. ಅಲ್ಲಿ ಉರಿಯೂತ ತನ್ನ ಪಾಡಿಗೆ ತಾನು ನಡೆದೇ ಇರುತ್ತದೆ.

ಕಿವಿ: ದಿನಗಳ ಲೆಕ್ಕ

ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಒಳಗಿವಿಯ ಭಾಗದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಕಂಪನವನ್ನು ನರಕ್ಕೆ ಅರ್ಥವಾಗುವ ಸಂಕೇತವಾಗಿ ಬದಲಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಳಗಿವಿಗೆ ರಕ್ತ ತರುವುದು ಒಂದೇ ಒಂದು ಸಣ್ಣ ಅಪಧಮನಿ. ಅದಕ್ಕೆ ಅಡ್ಡಿಯಾದರೆ ಬದಲಿ ದಾರಿಯಿಲ್ಲ. ಕೋಗನ್‌ನಲ್ಲಿ ಶ್ರವಣ ಒಮ್ಮೊಮ್ಮೆ ಏರಿ, ಒಮ್ಮೊಮ್ಮೆ ಇಳಿದು, ಪ್ರತಿ ಸುತ್ತಿನಲ್ಲೂ ಸ್ವಲ್ಪಸ್ವಲ್ಪ ಕಳೆದುಹೋಗುತ್ತದೆ. ಕೊನೆಗೆ ಎರಡೂ ಕಿವಿಗಳಿಗೆ ಪೆಟ್ಟು ಬೀಳುವುದೇ ಹೆಚ್ಚು.

ಹಾಗಾಗಿ ಅನುಮಾನ ಬಂದ ದಿನವೇ ಆಡಿಯೋಗ್ರಾಮ್ ಎಂಬ ಶ್ರವಣಪರೀಕ್ಷೆ ಮಾಡಿಸಬೇಕು. ಕಾಯಿಲೆ ಖಚಿತವೆನಿಸಿದರೆ ದೇಹತೂಕದ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಆರಂಭಿಸುವುದು ರೂಢಿ. ಮೊದಲ ಎರಡು ವಾರಗಳಲ್ಲೇ ಕೊಟ್ಟರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಅದು ಕುಗ್ಗುತ್ತದೆ. ಕೆಲವರಿಗೆ ಕಿವಿಯ ತಮಟೆಯ ಮೂಲಕ ನಡುಗಿವಿಗೇ ಸ್ಟಿರಾಯ್ಡ್ ಚುಚ್ಚುವುದೂ ಉಂಟು.

ಸ್ಟಿರಾಯ್ಡ್‌ನ ಗುಣ–ದೋಷ ನಮ್ಮವರಿಗೆ ಹೊಸದಲ್ಲ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಹಾರಿಹೋಗುತ್ತದೆ. ಹಾಗೆಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ, ಏಕೆಂದರೆ ದೇಹ ತಾನೇ ತಯಾರಿಸುವ ಸ್ಟಿರಾಯ್ಡ್ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ಡೋಸ್ ಇಳಿಸಿದೊಡನೆ ಕಿವಿ ಮತ್ತೆ ಮಂದವಾಗುವುದು ಕೋಗನ್ ರೋಗಿಗಳ ದೊಡ್ಡ ಸಂಕಟ. ಆಗ ರುಮಟಾಲಜಿ ತಜ್ಞರ ಬಳಿ ಇರುವ ಎರಡನೇ ಸಾಲಿನ ಔಷಧಗಳು ಬರುತ್ತವೆ: ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್, ಮೈಕೊಫಿನೊಲೇಟ್, ಸೈಕ್ಲೊಫಾಸ್ಫಮೈಡ್.

ಇವು ಎಷ್ಟರಮಟ್ಟಿಗೆ ಕಿವಿಯನ್ನು ಕಾಯುತ್ತವೆ? 1979ರಲ್ಲಿ ಅಮೆರಿಕದ ಅಯೋವಾದಲ್ಲಿ ಬ್ರಯನ್ ಮೆಕೇಬ್, ನಿರೋಧಕ ಶಕ್ತಿ ತಗ್ಗಿಸುವ ಔಷಧದಿಂದ ಚೇತರಿಸಿಕೊಂಡ ಕಿವುಡಿನ ಬಗ್ಗೆ ಬರೆದಾಗ ಭರವಸೆ ಚಿಗುರಿತ್ತು. ಆದರೆ ಇಂಥ ಆಟೋಇಮ್ಯೂನ್ ಕಿವುಡಿನ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟಿರಾಯ್ಡ್‌ನಿಂದ ಗಳಿಸಿದ ಶ್ರವಣವನ್ನು ಉಳಿಸಿಕೊಡುವುದರಲ್ಲಿ ಮೆಥೊಟ್ರೆಕ್ಸೇಟ್ ಖಾಲಿ ಗುಳಿಗೆಗಿಂತ ಮೇಲೆನಿಸಲಿಲ್ಲ. ಕೋಗನ್‌ಗೆಂದೇ ಅಂಥ ಪ್ರಯೋಗ ನಡೆಸಲು ಬೇಕಾಗುವಷ್ಟು ರೋಗಿಗಳೇ ಒಂದೆಡೆ ಸಿಗುವುದಿಲ್ಲ. 2017ರಲ್ಲಿ ಫ್ರಾನ್ಸಿನ ದೇಶವ್ಯಾಪಿ ಅವಲೋಕನವೊಂದು, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧ ಪಡೆದವರ ಕಿವಿ ಹಳೆಯ ಔಷಧ ಪಡೆದವರದಕ್ಕಿಂತ ಚೆನ್ನಾಗಿ ಸ್ಪಂದಿಸಿದ್ದನ್ನು ಗಮನಿಸಿತು. ಡ್ರಿಪ್ ಮೂಲಕ ಕೊಡುವ ಈ ಔಷಧ ದುಬಾರಿ. ಕ್ಷಯದ ತಪಾಸಣೆಯಾಗದೆ ಅದನ್ನು ಶುರು ಮಾಡುವಂತೆಯೂ ಇಲ್ಲ.

ಔಷಧಗಳೆಲ್ಲ ಸೋತ ಮೇಲೂ ಒಂದು ದಾರಿ ತೆರೆದಿದೆ. ಕೋಗನ್ ಕೆಡಿಸುವುದು ಒಳಗಿವಿಯನ್ನು. ಅಲ್ಲಿಂದ ಮಿದುಳಿಗೆ ಹೋಗುವ ಶ್ರವಣನರ ಬಹುಪಾಲು ಉಳಿದಿರುತ್ತದೆ. ಆದ್ದರಿಂದ ರೋಮಕೋಶಗಳನ್ನು ದಾಟಿ ನರವನ್ನೇ ನೇರವಾಗಿ ಪ್ರಚೋದಿಸುವ ಕಾಕ್ಲಿಯರ್ ಇಂಪ್ಲಾಂಟ್ ಈ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತು ಕಲಿತ ಮೇಲೆ ಕಿವುಡಾದವರಾದ್ದರಿಂದ, ಹೊಸ ಸದ್ದಿಗೆ ಹಳೆಯ ಮಾತನ್ನು ಹೊಂದಿಸಿಕೊಳ್ಳುವುದು ಅವರಿಗೆ ಸಾಧ್ಯ. ಇಲ್ಲೂ ಕಾಲದ ಒತ್ತಡವಿದೆ. ಉರಿಯೂತದಿಂದ ಕಾಕ್ಲಿಯಾದ ಒಳಗೆ ಮೂಳೆ ಬೆಳೆದುಬಿಟ್ಟರೆ ಎಲೆಕ್ಟ್ರೋಡ್ ತೂರಿಸುವುದೇ ಕಷ್ಟ. ಕಿವಿ ಪೂರ್ತಿ ಹೋದ ಮೇಲೆ ವರ್ಷಗಟ್ಟಲೆ ಕಾಯಬಾರದು.

ಕರ್ನಾಟಕದಲ್ಲಿ ಈ ಶಸ್ತ್ರಚಿಕಿತ್ಸೆಗೂ ನಂತರದ ತರಬೇತಿಗೂ ಅನುಭವಿಗಳ ಕೊರತೆಯಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ತೊಡಕಿರುವುದು ಹಣದಲ್ಲಿ. ಇಂಪ್ಲಾಂಟ್‌ಗೆ ಹಲವು ಲಕ್ಷ ರೂಪಾಯಿ ಬೇಕು. ಸರ್ಕಾರದ ನೆರವಿನ ಯೋಜನೆಗಳು ಮುಖ್ಯವಾಗಿ ಮಕ್ಕಳಿಗಾಗಿ ರೂಪುಗೊಂಡವು. ಹುಟ್ಟುಕಿವುಡಿನ ಮಗುವಿಗೆ ಮಾತು ಬರಲೆಂಬ ಆ ಉದ್ದೇಶ ಸರಿಯಾದದ್ದೇ. ಆದರೆ ದುಡಿಯುವ ವಯಸ್ಸಿನಲ್ಲಿ ಎರಡೂ ಕಿವಿ ಕಳೆದುಕೊಂಡು, ಕೆಲಸವೂ ಹೋಗುವ ಸ್ಥಿತಿಯಲ್ಲಿರುವ ಮೂವತ್ತರ ಹರೆಯದವರಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಸಮತೋಲನ: ಮಿದುಳು ಮತ್ತೆ ಕಲಿಯಬೇಕು

ಒಳಗಿವಿಯಲ್ಲೇ ಮೂರು ಅರ್ಧವೃತ್ತದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ತಲೆ ಯಾವ ಕಡೆ ತಿರುಗಿತು, ಮೇಲೆ ಯಾವುದು, ಕೆಳಗೆ ಯಾವುದು ಎಂಬ ಸುದ್ದಿ ಮಿದುಳಿಗೆ ಹೋಗುವುದು ಇಲ್ಲಿಂದ. ಕೋಗನ್ ಇವನ್ನೂ ಬಿಡುವುದಿಲ್ಲ. ಮೊದಮೊದಲು ಮನೆಯೇ ಗಿರಗಿರ ತಿರುಗಿದಂತಹ ತಲೆಸುತ್ತು, ವಾಂತಿ. ಎರಡೂ ಕಡೆಯ ಅಂಗಗಳು ಸತ್ತ ಮೇಲೆ ಸುತ್ತು ನಿಲ್ಲುತ್ತದೆ, ಆದರೆ ನೆಲದ ನಂಬಿಕೆ ಹೋಗುತ್ತದೆ. ನಡೆಯುವಾಗ ಎದುರಿನ ಬೋರ್ಡು, ಬರುವವರ ಮುಖ ಎಲ್ಲವೂ ಕುಣಿಯುತ್ತವೆ.

1952ರಲ್ಲಿ ಅಮೆರಿಕದ ವೈದ್ಯರೊಬ್ಬರು, ಕ್ಷಯಕ್ಕೆ ಪಡೆದ ಸ್ಟ್ರೆಪ್ಟೊಮೈಸಿನ್‌ನಿಂದ ಸಮತೋಲನ ಕಳೆದುಕೊಂಡ ತಮ್ಮದೇ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಎದೆಬಡಿತಕ್ಕೆ ತಲೆ ಅಲುಗುವುದೇ ಸಾಕಾಗಿ ಪುಸ್ತಕದ ಅಕ್ಷರಗಳು ನೆಗೆಯುತ್ತಿದ್ದವು. ಓದಲು ಅವರು ಮಂಚದ ತಲೆದೆಸೆಯ ಕಂಬಿಗಳ ನಡುವೆ ತಲೆಯನ್ನು ಒತ್ತಿ ಹಿಡಿಯಬೇಕಾಗುತ್ತಿತ್ತು. ಕಾರಣ ಬೇರೆಯಾದರೂ ಕೋಗನ್ ರೋಗಿಗಳು ತಲುಪುವ ಜಾಗ ಅದೇ.

ಸಮತೋಲನಕ್ಕೆ ಶ್ರವಣಕ್ಕಿರುವಂಥ ಬದಲಿ ಯಂತ್ರ ಇನ್ನೂ ದಿನಬಳಕೆಗೆ ಬಂದಿಲ್ಲ. ಚಿಕಿತ್ಸೆಯೆಂದರೆ ಅಭ್ಯಾಸ. ಹೆಬ್ಬೆರಳಿನ ಉಗುರಿನ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಎಡಬಲಕ್ಕೆ ಆಡಿಸುವುದು, ಕಾಲುಗಳನ್ನು ಒಂದರ ಹಿಂದೊಂದು ಇಟ್ಟು ನಡೆಯುವುದು, ಹಾಸಿಗೆಯಂಥ ಮೆತ್ತನೆಯ ನೆಲದ ಮೇಲೆ ನಿಲ್ಲುವುದು. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ದಿನವೂ ಮಾಡಿದರೆ ಕಣ್ಣಿನಿಂದ, ಪಾದದಿಂದ ಬರುವ ಸುದ್ದಿಯನ್ನೇ ನೆಚ್ಚಿಕೊಂಡು ನಿಲ್ಲುವುದನ್ನು ಮಿದುಳು ಕಲಿಯುತ್ತದೆ. ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಈ ಕಲಿಕೆ ನಿಧಾನವಾಗುತ್ತದೆ.

ಕಣ್ಣೇ ಆಧಾರವಾದ್ದರಿಂದ ಕತ್ತಲು ಇವರ ಶತ್ರು. ಕರೆಂಟ್ ಹೋದಾಗ, ಬಚ್ಚಲಲ್ಲಿ ಕಣ್ಮುಚ್ಚಿ ತಲೆಗೆ ಸೀಗೆಪುಡಿ ಉಜ್ಜುವಾಗ, ಸಂಜೆ ಗದ್ದೆಯ ಬದುವಿನ ಮೇಲೆ ನಡೆಯುವಾಗ ಬೀಳುವ ಸಂಭವ ಹೆಚ್ಚು. ಕೆರೆ–ಬಾವಿಗೆ ಇಳಿಯುವುದಂತೂ ಬೇಡವೇ ಬೇಡ. ನೀರೊಳಗೆ ಮೇಲ್ಯಾವುದು, ತಳ ಯಾವುದು ಎಂದು ತಿಳಿಯದೆ ಹೋಗಬಹುದು, ಎಷ್ಟೇ ಈಜು ಬಲ್ಲವರಾದರೂ. ತೂರಾಡುತ್ತ ನಡೆಯುವವರನ್ನು ಕಂಡು ಕುಡಿದಿದ್ದಾರೆ ಎಂದು ಬೀದಿ ನಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಕಿವುಡು ಇದೆ, ಸಮತೋಲನದ ನಷ್ಟಕ್ಕೆ ಪ್ರತ್ಯೇಕ ಹೆಸರಿಲ್ಲ.

ಹೃದಯಕ್ಕೂ ಕಿವಿಗೊಡಬೇಕು

ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಹೃದಯದಿಂದ ಹೊರಡುವ ಮಹಾಪಧಮನಿಯಲ್ಲೂ ಉರಿಯೂತ ಕಾಣಿಸಿಕೊಳ್ಳಬಹುದು. ಅದರಿಂದ ಕವಾಟ ಸೋರತೊಡಗಿದರೆ ಜೀವಕ್ಕೇ ಅಪಾಯ. ಆದ್ದರಿಂದ ಕಣ್ಣು–ಕಿವಿಯ ಈ ಕಾಯಿಲೆಗೆ ಹೃದಯದ ಎಕೊ ಪರೀಕ್ಷೆ ಏಕೆ ಎಂದು ಕೇಳಬಾರದು. ಜ್ವರ, ತೂಕ ಇಳಿಕೆ, ಏದುಸಿರು ಕಂಡರೆ ವೈದ್ಯರಿಗೆ ಹೇಳಲೇಬೇಕು.

ನೇತ್ರತಜ್ಞರು, ಇ.ಎನ್.ಟಿ., ರುಮಟಾಲಜಿ, ಆಡಿಯಾಲಜಿ, ಫಿಸಿಯೊಥೆರಪಿ, ಹೃದ್ರೋಗ ವಿಭಾಗ: ಇಷ್ಟೂ ಬಾಗಿಲುಗಳನ್ನು ಸುತ್ತುವ ರೋಗಿಗೆ ಒಂದೇ ಫೈಲು ಇರಲಿ. ಕಣ್ಣು ಯಾವ ದಿನ ಕೆಂಪಾಯಿತು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಯಾವಾಗ ಶುರುವಾಯಿತು, ಯಾವ ಡೋಸ್‌ಗೆ ಇಳಿಸಿದಾಗ ಮತ್ತೆ ಮಂದವಾಯಿತು ಎಂಬುದನ್ನು ತಾರೀಖಿನೊಂದಿಗೆ ಬರೆದಿಡಲಿ. ಹಳೆಯ ಆಡಿಯೋಗ್ರಾಮ್ ಎಸೆಯದಿರಲಿ. ಮೂರು ಚೀಟಿಗಳು ಒಂದೇ ಮೇಜಿಗೆ ಬರುವುದು ಹೀಗೆ.

ಈ ಪುಟ ಓದುತ್ತಿರುವವರಲ್ಲಿ ಯಾರಿಗೂ ಕೋಗನ್ ಇರದೆ ಹೋಗಬಹುದು. ಆದರೆ ಇದ್ದಕ್ಕಿದ್ದಂತೆ ಕಿವಿ ಕೇಳದಾಗುವುದು ಅಷ್ಟೇನೂ ಅಪರೂಪವಲ್ಲ. ಅದಕ್ಕೆ ವೈರಸ್ಸಿನಿಂದ ಹಿಡಿದು ರಕ್ತನಾಳದ ತನಕ ಹಲವು ಕಾರಣಗಳಿವೆ. ಬಹಳಷ್ಟು ಸಂದರ್ಭಗಳಲ್ಲಿ ಚಿಕಿತ್ಸೆ ಫಲಿಸುವ ಅವಧಿ ಅದೇ ಎರಡು ವಾರ. ಎದೆನೋವಿಗೆ ಓಡುವ ನಾವು ಕಿವಿಗೆ ಎಣ್ಣೆ ಬಿಟ್ಟು ಮುಂದಿನ ಸೋಮವಾರಕ್ಕೆ ಕಾಯುತ್ತೇವೆ. ಅಪರೂಪದ ಕಾಯಿಲೆಯನ್ನು ಪತ್ತೆ ಮಾಡುವುದು ವೈದ್ಯರ ಹೊಣೆ. ಆ ಎರಡು ವಾರವನ್ನು ಉಳಿಸಿಕೊಡುವುದು ಮನೆಯವರ ಕೈಯಲ್ಲಿದೆ.